ಬಂಡಿದಾರಿಯ ಜೋಳ

"ಕಾರು ರೋಡಿನಾಗೇ ನಿಂದರ್ಸಿ ಬಂದೀನಿ ಯಕ್ಕಾ, ಒಂದು ಮಾತು ಕೇಳು," ಎನ್ನುತ್ತ ಚಂದ್ರಶಾ ಎರಡೂ ಕೈಗಳಿಂದ ಜೋಳದ ಗರಿಗಳನ್ನು ಸರಿಸಿಕೊಂಡು ಬಂದ.

ಬಂಡಮ್ಮ ತಲೆಯೆತ್ತಲಿಲ್ಲ. ಎಳ್ಳಮಾವಾಸ್ಯೆಯ ಆ ಮಧ್ಯಾಹ್ನ ಕಮಲಾಪುರದ ಹೊಲಹೊಲಗಳಲ್ಲಿ ಬುತ್ತಿಗಳು ಬಿಚ್ಚಿಕೊಂಡಿದ್ದವು. ಆಕೆಯೂ ಬನ್ನಿಯ ಬುಡದಲ್ಲಿ ಪೂಜೆ ಮುಗಿಸಿ, ಸೊಸೆ ಭಾಗ್ಯಳೊಡನೆ ಸಜ್ಜೆರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

ಅವಳ ಹೊಲದ ಹಿಂದೆ ಚಂದ್ರಶಾನ ಕಬ್ಬು, ಅದರಾಚೆ ಹಳ್ಳ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಮನೆ ಕಟ್ಟಿಸಿದ ಮೇಲೆ ಅವನು ಜೋಳ, ತೊಗರಿಗಳನ್ನು ಕೈಬಿಟ್ಟು ಕಾರಿನ ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ಕಾರ್ಖಾನೆಗೆಂದು ಕಬ್ಬು ಹಚ್ಚಿದ್ದ. ಈ ಮುಂಗಾರಿನಲ್ಲಿ ಅವನು ಹೊಡೆಸಿದ ಕಳೆನಾಶಕ ಗಾಳಿಯಲ್ಲಿ ತೇಲಿಬಂದು ಬಂಡಮ್ಮನ ಎಳೆಯ ತೊಗರಿಯನ್ನೆಲ್ಲ ಮುರುಟಿಸಿತ್ತು. "ಗಾಳಿ ನನ್ನ ಮಾತು ಕೇಳ್ತದೇನು?" ಎಂದು ಅಂದು ನಕ್ಕಿದ್ದ. ಅವಳು ಸತ್ತ ತೊಗರಿಯನ್ನು ಹರಗಿ ಹಿಂಗಾರಿ ಜೋಳ ಬಿತ್ತಿಸಿದಳು. ಹಿಂದಿನ ಹೊಲದವರಿಗೆಂದು ಮಾವನ ಕಾಲದಿಂದ ಬಿಟ್ಟುಕೊಂಡು ಬಂದಿದ್ದ ಒಂದೇ ಬಂಡಿದಾರಿಯ ಮೇಲೂ ಕೂರಿಗೆ ಹಾಯಿಸಿದಳು. ನಿಂತ ಪೈರಿನ ಮೇಲೆ ಗಾಲಿ ಓಡಿಸಿದವನನ್ನು ಆ ಸೀಮೆಯಲ್ಲಿ ಯಾರೂ ಮನೆಯೊಳಗೆ ಕರೆಯುವುದಿಲ್ಲ.

"ಕಡಿಯೋ ಮಂದಿ ಬಂದಾರ. ನಾಳಿ ಲಾರಿ ಒಳಗ ಬರಲಿಲ್ಲಂದ್ರ ಬ್ಯಾರೆ ಊರಿಗಿ ಹೋಗ್ತಾರ. ಕಬ್ಬು ಆಗಲೇ ಹೂ ಬಿಟ್ಟದ, ಬೆಂಡಾಗ್ತದ ಯಕ್ಕಾ. ಹಾದಿಯಷ್ಟು ಕೊಯ್ಯಾಕ ಹೂಂ ಅನ್ನು."

"ಇನ್ನಾ ಹಾಲುಗಾಳು ಅದ. ಹಾಲು ಕುಡಿಯೋ ಕೂಸಿನ ಕೊರಳಿಗಿ ಕುಡಗೋಲು ಹಚ್ಚಲೇನೋ ತಮ್ಮಾ?"

"ಅದರ ಎರಡರಷ್ಟು ಜೋಳ ಕಲಬುರಗಿ ಗಂಜ್ ಬಜಾರದಿಂದ ತಂದು ನಿನ್ನ ಮನಿಗಿ ಹಾಕ್ತೀನಿ."

"ಎಲ್ಲಾರೂ ನಿನ್ನಂಗ ಕಬ್ಬು ಹಚ್ಚಿದ್ರ ಗಂಜ್ ಬಜಾರಕ್ಕ ಜೋಳ ಎಲ್ಲಿಂದ ಬರ್ತದಪಾ?"

ಭಾಗ್ಯ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಬಿಡ್ರಿ ಅತ್ತಿ, ಅಣ್ಣಾರ ಕಾರು ಕುಡಿಯೋದ್ರಾಗೇ ಬ್ಯಾಳಿ ಕುದಿಸಿ ಉಣ್ಣೂಣು."

ಚಂದ್ರಶಾ ಮುಖ ಗಂಟಿಕ್ಕಿಕೊಂಡು ಹೊರಟ.

"ನಿಂದ್ರು. ಎಳ್ಳಮಾಸಿ ದಿನ ಹೊಲಕ್ಕ ಬಂದವರು ಉಪಾಸ ಹೋಗಬಾರದು. ಕುಂದ್ರು."

ಅದನ್ನು ಮೀರುವ ಧೈರ್ಯ ಅವನಿಗೂ ಇರಲಿಲ್ಲ. ಬಂಡಮ್ಮ ತಟ್ಟೆಯ ತುಂಬ ಹಸಿಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಬಡಿಸಿದಳು. "ಇದರಾಗಿನ ಹಸಿ ತೊಗರಿ ಮಂದಿ ಹೊಲದ್ದು. ನನ್ನದು ಏನಾಯ್ತು ನಿನಗ ಗೊತ್ತೇ ಅದ. ಉಣ್ಣು."

ಎತ್ತಿದ ತುತ್ತನ್ನು ಅವನು ತಟ್ಟೆಗೆ ಇಳಿಸಿದ. "ತಪ್ಪಾಯ್ತು ಯಕ್ಕಾ," ಎಂದ, ಬಹಳ ಸಣ್ಣ ದನಿಯಲ್ಲಿ.

ಅವಳು ಕಾಳು ತುಂಬಿ ಬರಲೆಂದು ಬೆಳೆಗೆ ಎರಚುವ ನೈವೇದ್ಯದನ್ನ, ಚರಗದ ಬುಟ್ಟಿಯನ್ನು ಎತ್ತಿ ಅವನ ಕೈಯಲ್ಲಿಟ್ಟಳು.

"ನನಗ್ಯಾಕ ಹೇಳ್ತಿ? ಭೂಮಿತಾಯಿಗಿ ಹೇಳು. ಹಾದಿಮ್ಯಾಗಿನ ಜೋಳದಿಂದ ಸುರು ಮಾಡು. ಶಿವರಾತ್ರಿ ಆದಮ್ಯಾಲ ಕೊಯ್ತೀನಿ. ಅಲ್ಲೀತನ ಛಂದಾಗಿ ಬೆಳೀಲಿ ಅಂತ ಬೇಡ್ಕೊ."

ಚಂದ್ರಶಾ ಚಪ್ಪಲಿ ಕಳಚಿ, ಬಾಯೊಳಗೇ ಬೇಡಿಕೊಳ್ಳುತ್ತ ಜೋಳದೊಳಗೆ ಇಳಿದ.

"ಗಟ್ಟಿಯಾಗಿ ಅನ್ರೀ ಅಣ್ಣಾ, ಬೆಳಿಗಿ ಕೇಳಸಬೇಕು!" ಎಂದು ಭಾಗ್ಯ ಕೂಗಿದಳು.

ಅವನ ದನಿ ಏರಿತು. ಹಿಡಿಹಿಡಿಯಾಗಿ ಅನ್ನ ಎರಚುತ್ತ ಅವನು ಮುಂದೆ ಸಾಗಿದಂತೆ ಹಸಿರು ತೆನೆಗಳು ಅವನ ಭುಜಕ್ಕೆ ತಾಕಿ ಹಿಂದೆ ಮುಚ್ಚಿಕೊಂಡವು. ಅವುಗಳಾಚೆ, ಹಳ್ಳದವರೆಗೂ, ಕಬ್ಬು ಬೆಳ್ಳಗೆ ಹೂ ಬಿಟ್ಟು ನಿಂತಿತ್ತು.