ಪೇಟದ ಇನ್ನೊಂದು ತುದಿ

ಚಪ್ಪಲಿ ಕಾಯುವ ಸೇವೆಯಲ್ಲಿ ದೊಡ್ಡಣ್ಣನನ್ನು ಮೀರಿಸುವವರು ಆ ಗುರುದ್ವಾರದಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನು ದೊಡ್ಡಣ್ಣನೇ. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲ ಪಕ್ಕದ ಕೌಂಟರಿನ ಹಿಂದೆ ನಿಲ್ಲುತ್ತಿದ್ದ. ಬಂದವರ ಚಪ್ಪಲಿ, ಬೂಟುಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಹಿತ್ತಾಳೆ ಬಿಲ್ಲೆ ಕೊಟ್ಟು, ಧೂಳು ಒರೆಸಿ ಗೋಡೆಯ ಖಾನೆಗಳಲ್ಲಿ ಜೋಡಿಸಿಡುತ್ತಿದ್ದ. ಅವನು ಸಿಖ್ಖ; ಸಿಖ್ಖರಲ್ಲಿ ಇದು ದೊಡ್ಡ ಸೇವೆ. ‘ನಾನು, ನನ್ನಿಂದ’ ಎನ್ನುವುದನ್ನು ಅವರು ಹೌಮೈ ಎನ್ನುತ್ತಾರೆ. ಅದು ಕರಗಬೇಕಾದರೆ ಕಂಡವರ ಕಾಲಿನ ಧೂಳನ್ನು ಕೈಯಿಂದ ಮುಟ್ಟಬೇಕು ಎಂಬ ನಂಬಿಕೆ.

“ನನ್ನ ಹೌಮೈ ಯಾವತ್ತೋ ಹೋಯ್ತು ಬಿಡಿ” ಎಂದು ದೊಡ್ಡಣ್ಣ ಹೇಳುತ್ತಿದ್ದ, ಮೀಸೆ ತಿರುವುತ್ತಾ.

ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳಬೇಕಾದರೆ ಅವನ ಅಂಗಡಿಗೆ ಹೋಗಬೇಕು. ಅವನೂ ಅವನ ತಮ್ಮನೂ ಬಸ್ಸು, ಲಾರಿಗಳಿಗೆ ಸೀಟು ಮಾಡುವವರು. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಒಬ್ಬ ರೆಕ್ಸಿನನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಬ್ಬ ಅಂಚಿಗೆ ಮೊಳೆ ಹೊಡೆಯಬೇಕು. ತಮ್ಮ ಎಳೆಯುವವನು, ದೊಡ್ಡಣ್ಣ ಹೊಡೆಯುವವನು. ಮೀಸೆ ಚಿಗುರುವ ಮೊದಲಿನಿಂದ ಹೀಗೇ ನಡೆದುಕೊಂಡು ಬಂದಿತ್ತು.

ಬೆಳಿಗ್ಗೆ ಮನೆಯಲ್ಲೂ ಅದೇ ಜೋಡಿ. ಪೇಟದ ಬಟ್ಟೆ ಬಲು ಉದ್ದ. ಸುತ್ತುವ ಮೊದಲು ಅದನ್ನು ಎಳೆದು, ಸುಕ್ಕು ಬಿಡಿಸಿ, ಮಡಿಕೆ ಹಾಕಬೇಕು. ಒಂದು ತುದಿ ಅಣ್ಣನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ. ಮದುವೆಯಾಗದ ತಮ್ಮ ಅದೇ ಮನೆಯ ಮಹಡಿ ಕೋಣೆಯಲ್ಲಿದ್ದ. ಮೊದಲು ಅಣ್ಣನ ಪೇಟ, ಆಮೇಲೆ ತಮ್ಮನ ಪೇಟ, ಆಮೇಲೆ ಚಹಾ.

ಹಾಳಾದದ್ದು ಒಂದು ಹೊಗಳಿಕೆಯಿಂದ. ಒಬ್ಬ ಬಸ್ ಮಾಲೀಕ ಬಂದು ಹೊಸ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, “ಒಂದು ಸುಕ್ಕಿಲ್ಲ ನೋಡಿ. ಯಾರು ಎಳೆದಿದ್ದು?” ಎಂದ.

“ನಾನು” ಎಂದ ತಮ್ಮ.

ಅಷ್ಟೇ. ಕೇಳಿದ್ದಕ್ಕೆ ಉತ್ತರ. ಆದರೆ ದೊಡ್ಡಣ್ಣನ ಬಾಯಲ್ಲಿದ್ದ ಮೊಳೆಗಳು ಕೈಗೆ ಬಂದವು. ಮಾಲೀಕ ಅತ್ತ ಹೋದ ಮೇಲೆ ಅವನು ಹೇಳಿದ, “ಈ ಅಂಗಡೀಲಿ ನಾನು ಅನ್ನೋಕೆ ಒಬ್ಬನೇ ಇರೋದು. ಅದು ನೆನಪಿರಲಿ.”

ತಮ್ಮ ಹಿಡಿದಿದ್ದ ರೆಕ್ಸಿನ್ ಬಿಟ್ಟ. “ಹಾಗಾದ್ರೆ ನೀನೇ ಎಳ್ಕೋ, ನೀನೇ ಹೊಡ್ಕೋ.”

ಆಮೇಲೆ ಇಬ್ಬರದೂ ಎಣ್ಣೆ ಸೀಗೆಕಾಯಿ. ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು, ರೆಕ್ಸಿನಿಗೆ ಕಬ್ಬಿಣದ ಹಿಡಿ ಹಾಕಿಕೊಂಡು ಒಬ್ಬೊಬ್ಬರೇ ಸೀಟು ಮಾಡಿದರು. ಎಲ್ಲ ಸೀಟಿನ ಮೂಲೆಯಲ್ಲೂ ಸುಕ್ಕು. ಮನೆಯಲ್ಲಿ ದೊಡ್ಡಣ್ಣ ಪೇಟದ ತುದಿಯನ್ನು ಕೋಣೆ ಬಾಗಿಲಿನ ಚಿಲಕಕ್ಕೆ ಕಟ್ಟಿ ಎಳೆಯತೊಡಗಿದ. ಹೆಂಡತಿ ತಾನು ಹಿಡಿಯುತ್ತೇನೆಂದು ಬಂದರೆ, “ನಿಂಗೆ ಬಿಗಿ ಗೊತ್ತಾಗಲ್ಲ” ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ವಾದ ಮಾಡಿ ಅವಳಿಗೆ ಸಾಕಾಗಿತ್ತು.

ಕೊನೆಗೆ ತಮ್ಮ ಊರಿನ ಆ ಕಡೆ ಒಂದು ಕೋಣೆ ನೋಡಿಕೊಂಡ. ಭಾನುವಾರ ಮಧ್ಯಾಹ್ನ ವ್ಯಾನು ಬರುತ್ತದೆ ಎಂದು ಅತ್ತಿಗೆಗೆ ಮಾತ್ರ ಹೇಳಿದ.

“ಒಂದೇ ಒಂದು ಮಾತು ಹೇಳಿ, ನಿಲ್ತಾನೆ,” ಎಂದಳು ಹೆಂಡತಿ. “ಹೋದ್ರೆ ಮತ್ತೆ ಬರಲ್ಲ ಅವನು. ನಿಮ್ಮ ತಮ್ಮನೇ ತಾನೆ, ನಿಮ್ಮ ಹಾಗೇ ಇದಾನೆ.”

“ಹೇಳೋಕೆ ನಾನೇನು ಚಿಕ್ಕೋನಾ?”

ಅದೇ ಭಾನುವಾರ ಗುರುದ್ವಾರದಲ್ಲಿ ದೊಡ್ಡಣ್ಣನ ಸೇವೆಗೆ ಮರ್ಯಾದೆಯ ಬಟ್ಟೆ ಹೊದಿಸುವುದೆಂದು ಸಮಿತಿಯವರು ಗೊತ್ತುಮಾಡಿದ್ದರು. ದೊಡ್ಡಣ್ಣ ಬೇಡ ಎಂದ. ಮತ್ತೆ ಕೇಳಿದಾಗಲೂ ಬೇಡ ಎಂದ. ಅವರು ನಿಜವಾಗಿಯೂ ಬಿಟ್ಟುಬಿಟ್ಟಾರು ಎಂದು ಹೆದರಿ ಮೂರನೆಯ ಸಲ ಸುಮ್ಮನಿದ್ದ.

ಆ ದಿನಕ್ಕೆಂದೇ ಹೊಸ ಪೇಟದ ಬಟ್ಟೆ ಬಂತು, ಗಂಜಿ ಹಾಕಿದ್ದು. ಬೆಳಿಗ್ಗೆ ಚಿಲಕಕ್ಕೆ ಕಟ್ಟಿ, ಎಲ್ಲ ದಿನಕ್ಕಿಂತ ಜೋರಾಗಿ ಎಳೆದ. ಚಿಲಕ ಮೊಳೆ ಸಮೇತ ಕಿತ್ತು ಬಂತು. ದೊಡ್ಡಣ್ಣ ಹಿಂದಕ್ಕೆ ಬಿದ್ದ, ಹೊಸ ಬಟ್ಟೆ ಬಚ್ಚಲ ಬಾಗಿಲ ನೀರಿಗೆ ಬಿತ್ತು. ಮಹಡಿ ಮೆಟ್ಟಿಲ ಮೇಲೆ ತಮ್ಮ ಬಂದು ನಿಂತ. ಕೆಳಗಿಳಿಯಲು ಒಂದು ಕಾಲನ್ನೂ ಮುಂದಿಟ್ಟಿದ್ದ. ದೊಡ್ಡಣ್ಣ ಮುಖ ಗೋಡೆಗೆ ತಿರುಗಿಸಿದ. ಆ ಕಾಲು ಹಿಂದಕ್ಕೆ ಹೋಯಿತು.

ಹಳೆಯ ಪೇಟವನ್ನೇ ಓರೆಕೋರೆಯಾಗಿ ಸುತ್ತಿಕೊಂಡು ಅವನು ಸೇವೆಗೆ ಹೋದ. ಜೊತೆಯಲ್ಲಿ ಸೇವೆ ಮಾಡುವ ನಿವೃತ್ತ ಡ್ರೈವರ್ ಆ ಪೇಟ ನೋಡಿ, ಆಮೇಲೆ ಮುಖ ನೋಡಿ, ಬಿಲ್ಲೆಗಳನ್ನು ಎಣಿಸತೊಡಗಿದ.

ಪ್ರಾರ್ಥನೆಗೆ ಸ್ವಲ್ಪ ಮುಂಚೆ ಒಂದು ಜೊತೆ ಕಂದು ಬೂಟು ಕೌಂಟರಿನ ಮೇಲೆ ಬಂದು ಕೂತಿತು. ತಲೆಯೆತ್ತದೆಯೇ ತಮ್ಮನದೆಂದು ತಿಳಿಯಿತು. ದೊಡ್ಡಣ್ಣ ಬಿಲ್ಲೆಯನ್ನು ಕೌಂಟರಿನ ಮೇಲೆ ಜಾರಿಸಿದ. ಎರಡು ಬೆರಳ ತುದಿಯಲ್ಲಿ ಬೂಟು ಎತ್ತಿ ಎಲ್ಲಕ್ಕಿಂತ ಕೆಳಗಿನ ಮೂಲೆಯ ಖಾನೆಗೆ ತಳ್ಳಿದ.

ಒಳಗೆ ಗ್ರಂಥ ಓದುವ ಹಿರಿಯರು, ಗ್ರಂಥಿಯವರು, ಮಾತಾಡುವುದು ಸ್ಪೀಕರಿನಲ್ಲಿ ಇಲ್ಲಿಗೂ ಕೇಳಿಸುತ್ತಿತ್ತು. “ಹೌಮೈ ಅಂದ್ರೆ ಬರೀ ಜಂಬ ಅಲ್ಲ. ಜಂಬದವನನ್ನ ಬೀದಿಯವರೂ ಗುರುತು ಹಿಡೀತಾರೆ. ಒಳ್ಳೇ ಕೆಲಸ ಮಾಡ್ತಾ ಇರೋವಾಗ ‘ನಾನು ಮಾಡ್ದೆ’ ಅಂತ ಒಳಗೆ ಕೂತಿರತ್ತಲ್ಲ, ಅದನ್ನ ಹಿಡಿಯೋದು ಕಷ್ಟ. ಪೊರಕೆ ಹಿಡಿದವನ ಕೈಯಲ್ಲೂ ಅದು ಇರತ್ತೆ. ಬೇರೆಯವನು ಒಬ್ಬ ಇದಾನೆ, ಅವನು ನನಗಿಂತ ಕೆಳಗೆ, ಅಂತ ಅನ್ನಿಸಿದ ಕಡೇಲೆಲ್ಲ ಅದು ಇದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ಪುಣ್ಯವಂತ. ದೊಡ್ಡಣ್ಣ ಮುಟ್ಟಿಕೊಳ್ಳಲೂ ಇಲ್ಲ. ಸರಿಯಾಗಿ ಹೇಳಿದರು, ಕೇಳಿಸಿಕೊಳ್ಳಲಿ ಆ ತಮ್ಮ, ಎಂದುಕೊಂಡ.

ಮಾತು ಮುಗಿಯುವ ಹೊತ್ತಿಗೆ ಅವನು ಸಾಲಾಗಿ ಒರೆಸುತ್ತಾ ಬಂದು, ಆ ಮೂಲೆಯ ಖಾನೆ ಬಿಟ್ಟು ಎದ್ದುನಿಂತ.

“ಅಲ್ಲೊಂದು ಜೊತೆ ಉಳೀತಲ್ಲ ಅಣ್ಣಾ,” ಎಂದ ಡ್ರೈವರ್. “ನಾನು ಒರೆಸ್ಲಾ?”

“ಬೇಡ” ಎಂದ ದೊಡ್ಡಣ್ಣ. ತನ್ನ ಸೇವೆಯಲ್ಲಿ ಊನ ಬಂದೀತಲ್ಲ ಎಂಬ ಒಂದೇ ಕಾರಣಕ್ಕೆ ಮತ್ತೆ ಕೂತು ಬೂಟನ್ನು ಕೈಗೆತ್ತಿಕೊಂಡ.

ಬಲಗಾಲಿನದು ಚೆನ್ನಾಗಿಯೇ ಇತ್ತು. ಎಡಗಾಲಿನದನ್ನು ತಿರುಗಿಸಿದ. ಹಿಮ್ಮಡಿ ಹಿಂಭಾಗದಲ್ಲಿ ಓರೆಯಾಗಿ ಸವೆದು, ಒಳಗಿನ ಪದರ ಕಾಣುತ್ತಿತ್ತು. ನಡೆದು ಸವೆದದ್ದಲ್ಲ ಅದು. ರೆಕ್ಸಿನ್ ಎಳೆಯುವಾಗ ತಮ್ಮ ಎಡ ಹಿಮ್ಮಡಿಯನ್ನು ನೆಲಕ್ಕೆ ಊರಿ, ಮೈಯನ್ನೆಲ್ಲ ಹಿಂದಕ್ಕೆ ಬಿಡುತ್ತಿದ್ದ. ಮೊಳೆ ಹೊಡೆಯುವವನ ಕಣ್ಣು ಮೊಳೆಯ ಮೇಲಿರುತ್ತದೆ. ಎದುರಿಗೆ ಇನ್ನೊಬ್ಬ ಯಾವುದರ ಮೇಲೆ ನಿಂತಿದ್ದಾನೆ ಎಂದು ದೊಡ್ಡಣ್ಣ ಒಮ್ಮೆಯೂ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಯಾರೂ ನೋಡದಿರುವಾಗ ಆಗುವ ನಾಚಿಕೆ, ತಪ್ಪಿಸಿಕೊಳ್ಳಲು ದಾರಿಯಿಲ್ಲದ್ದು.

ಸ್ಪೀಕರಿನಲ್ಲಿ ಅವನನ್ನು ಕರೆದರು. ಡ್ರೈವರ್ ಬೆನ್ನು ತಟ್ಟಿ, “ಹೋಗಣ್ಣಾ” ಎಂದ. ದೊಡ್ಡಣ್ಣ ಏಳಲಿಲ್ಲ. ಪೇಟ ಓರೆಯಾಗಿದೆ ಎಂಬುದೂ ಒಂದು ಕಾರಣ ಎಂದು ಒಪ್ಪಿಕೊಳ್ಳೋಣ. ಮತ್ತೆ ಕರೆದರು. ಅವನು ಬೂಟು ಒರೆಸಿದ, ಹೊಲಿಗೆಯ ಸಂದಿಯ ಧೂಳನ್ನೂ ಉಗುರಿನಿಂದ ತೆಗೆದ, ಮತ್ತೆ ಒರೆಸಿದ.

ಸ್ವಲ್ಪ ಹೊತ್ತಿಗೆ ತಮ್ಮ ಹೊರಗೆ ಬಂದ. ಹೆಗಲ ಮೇಲೆ ಕೇಸರಿ ಬಟ್ಟೆ.

“ನೀನು ಬರ್ಲಿಲ್ಲ. ತಮ್ಮ ಇದಾನಲ್ಲ ಅಂತ ನನಗೇ ಹಾಕಿದ್ರು,” ಎಂದು ಬಿಲ್ಲೆಯ ಜೊತೆ ಬಟ್ಟೆಯನ್ನೂ ಮಡಿಚಿ ಕೌಂಟರಿನ ಮೇಲಿಟ್ಟ. “ನಿಂದು ಇದು.”

ದೊಡ್ಡಣ್ಣನ ಒಳಗೆ ಚುರುಕ್ಕೆಂದಿತು. ಬೇಡ ಬೇಡ ಎಂದವನಿಗೇ ಅದು ಬೇರೊಬ್ಬರ ಹೆಗಲ ಮೇಲೆ ಕಂಡಾಗ ಉರಿಯಿತು. ಯಾವತ್ತೋ ಹೋಗಿದೆ ಎಂದುಕೊಂಡಿದ್ದ ಆ ಹೌಮೈ ಎಲ್ಲೂ ಹೋಗಿರಲಿಲ್ಲ, ಇಷ್ಟು ಹತ್ತಿರ ಇತ್ತು. ಅವನು ಕೌಂಟರಿನ ಆಚೆ ಬಂದು, ಬಗ್ಗಿ, ಬೂಟುಗಳನ್ನು ತಮ್ಮನ ಕಾಲ ಬಳಿ ಇಟ್ಟ.

“ಎಡಗಡೆ ಹಿಮ್ಮಡಿ ಸವೆದುಹೋಗಿದೆ.”

“ಗೊತ್ತು.”

“ಅವತ್ತು ಆ ಬಸ್ಸಿನವರು ಕೇಳಿದಾಗ ನೀನು ಹೇಳಿದ್ದು ನಿಜ. ಎಳೆದೋನು ನೀನೇ.”

ತಮ್ಮ ಬೂಟಿನ ದಾರ ಕಟ್ಟುವುದರಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. “ಊಟ ಆದ್ಮೇಲೆ ವ್ಯಾನು ಬರತ್ತೆ,” ಎಂದ.

 ಮಧ್ಯಾಹ್ನ ಮಂಚದ ಒಂದು ಬದಿ ತಮ್ಮ ಹಿಡಿದ, ಇನ್ನೊಂದು ಬದಿ ಅಣ್ಣ. ವ್ಯಾನು ಹೋಯಿತು. ಸಂಜೆ ದೊಡ್ಡಣ್ಣ ಬಾಗಿಲಿಗೆ ಹೊಸ ಚಿಲಕ ತಂದು ದಪ್ಪ ಸ್ಕ್ರೂ ಹಾಕಿ ಕೂರಿಸಿದ. ಆನೆ ಕಟ್ಟಿದರೂ ಕೀಳದ ಹಾಗೆ.

ಬೆಳಿಗ್ಗೆ ಪೇಟದ ಬಟ್ಟೆ ಕೈಗೆತ್ತಿಕೊಂಡು ಬಾಗಿಲವರೆಗೆ ಬಂದ. ಚಿಲಕವನ್ನು ನೋಡಿದ. ಆಮೇಲೆ ಬಟ್ಟೆಯನ್ನು ಕೈಚೀಲಕ್ಕೆ ತುರುಕಿಕೊಂಡು ಬೀದಿಗಿಳಿದ.

ತಲೆಯ ಮೇಲೆ ಪೇಟದ ಕೆಳಗೆ ಕಟ್ಟುವ ಚಿಕ್ಕ ಬಟ್ಟೆ ಮಾತ್ರ. ಅವನನ್ನು ಹಾಗೆ ಮನೆಯವರನ್ನು ಬಿಟ್ಟರೆ ಯಾರೂ ಕಂಡಿರಲಿಲ್ಲ. ಅಂಗಡಿಗಳ ಬಾಗಿಲು ತೆರೆಯುವ ಹೊತ್ತು; ಗುಡಿಸುತ್ತಿದ್ದವರು ಗುಡಿಸುವುದನ್ನು ನಿಲ್ಲಿಸಿ ನೋಡಿದರು. ಬಸ್ಸಿನಲ್ಲಿ ಗುರುತಿನವನೊಬ್ಬ, “ಹುಷಾರಿಲ್ವಾ ದೊಡ್ಡಣ್ಣ?” ಎಂದು ಕೇಳಿದ. “ಇಲ್ಲ” ಎಂದ ದೊಡ್ಡಣ್ಣ, ಅದೂ ನಿಜವೇ ಆಗಿತ್ತು. ಅವನ ಕಿವಿಗಳು ಕೆಂಪಾಗಿದ್ದವು.

ತಮ್ಮ ಬಾಗಿಲು ತೆರೆದು ಅಣ್ಣನ ತಲೆ ನೋಡಿದ, ಕೈಚೀಲ ನೋಡಿದ. ಹಿಂದೆ ಕೋಣೆಯಲ್ಲಿ ಗಂಟುಗಳು ಕಟ್ಟಿದ ಹಾಗೇ ಬಿದ್ದಿದ್ದವು.

“ಯಾಕೆ, ಚಿಲಕ ಕಿತ್ತೋಗಿದ್ದನ್ನ ಇನ್ನೂ ಹಾಕ್ಸಿಲ್ವಾ?”

ಕೈಗೆಟುಕುವ ಹಾಗೆ ಇಟ್ಟುಕೊಟ್ಟ ನೆಪ. ಹೂಂ ಎಂದಿದ್ದರೆ ಇಬ್ಬರ ಮಾನವೂ ಉಳಿಯುತ್ತಿತ್ತು.

“ಚಿಲಕ ಗಟ್ಟಿಯಾಗಿದೆ,” ಎಂದ ದೊಡ್ಡಣ್ಣ. “ನಾನೇ ಹಾಕ್ದೆ. ನೀನು ಬೇಕಾಗಿತ್ತು.”

ತಮ್ಮ ಚೀಲದಿಂದ ಬಟ್ಟೆಯ ತುದಿ ಎಳೆದುಕೊಂಡು ಕೋಣೆಯ ಆ ಗೋಡೆಯವರೆಗೆ ಹಿಂದೆ ಹಿಂದೆ ನಡೆದ. ಗಂಟುಗಳನ್ನು ಕಾಲಿನಿಂದ ಸರಿಸಿ, ಎಡ ಹಿಮ್ಮಡಿಯನ್ನು ನೆಲಕ್ಕೆ ಊರಿದ. ದೊಡ್ಡಣ್ಣ ಈ ಸಲ ಆ ಹಿಮ್ಮಡಿಯನ್ನೇ ನೋಡುತ್ತಿದ್ದ.

“ಆ ಗಂಟುಗಳನ್ನ ಬಿಚ್ಚಬೇಡ,” ಎಂದ.

“ಮಾತು ಆಮೇಲೆ,” ಎಂದ ತಮ್ಮ. “ಸರಿಯಾಗಿ ಹಿಡ್ಕೋ, ಎಳೀತೀನಿ.”