ಬೇಸ್ ಗಿಟಾರಿನಲ್ಲಿ ನಮ್ಮ ಗುಂಡ

ಎಲ್ಲೋ ಮೋಟಾರು ಗುಂಯ್‌ಗುಡುತ್ತಿದೆ, ಈ ಬಿಲ್ಡಿಂಗಿನ ಲಿಫ್ಟಿಂದೇ ಇರಬೇಕು, ಬೇರಿಂಗ್ ಸವೆದಿದೆ, ಗ್ರೀಸ್ ಹಾಕಿಸಿ ಅಂತ ಬಡಕೊಂಡರೂ ಯಾರಿಗೂ ಕಿವಿಯಿಲ್ಲ — ಅಲ್ಲ, ಇದು ಜನ, ಕತ್ತಲ ಹಾಲಿನಲ್ಲಿ ಸಾವಿರಾರು ಜನ ಹಾಡಿಗೆ ಕಾಯುವ ಸದ್ದು, ಸೊಸೆ ಅವನ ತಲೆಗೆ ಹೆಡ್‌ಫೋನ್ ತೊಡಿಸಿಯೇಬಿಟ್ಟಳು, ಮಾವ, ಇದರಲ್ಲಿ ಬೇಸ್ ನುಡಿಸಿದ್ದು ನೀವೇ ಅಲ್ವಾ, ಹಳೇ ಶೋ ಪೂರ್ತಿ ಹೊಸದಾಗಿ ಬಿಟ್ಟಿದ್ದಾರೆ, ಒಂದೊಂದು ಮೈಕನ್ನೂ ಬೇರೆ ಬೇರೆ ಸರಿಪಡಿಸಿದ್ದಾರಂತೆ, ಹಾಡಿನ ಮಧ್ಯದ ಮಾತೂ ಇದೆಯಂತೆ. ಇದ್ದರೆ ಇರಲಿ, ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನಿಗೆ ರಾಕ್ ಅಂಡ್ ರೋಲಿನಿಂದ ಏನಾಗಬೇಕು, ಆದರೆ ಎಡಗೈ ಬೆರಳುಗಳು ಆಗಲೇ ಮೇಜಿನ ಅಂಚನ್ನು ಒತ್ತಿ ಹಿಡಿದಿವೆ, ನಾಚಿಕೆಗೆಟ್ಟವು. ಹಾಡು ಮುಗಿಯಿತು, ಇನ್ನು ಅದು ಬರುತ್ತೆ, ಯಜಮಾನ — ಅಷ್ಟು ದೊಡ್ಡ ಗಾಯಕನನ್ನು ಬ್ಯಾಂಡಿನವರು ಎದುರಿಗೆ ಅಣ್ಣ ಅಂತಲೂ ಬೆನ್ನ ಹಿಂದೆ ಯಜಮಾನ ಅಂತಲೂ ಕರೆಯುತ್ತಿದ್ದರು — ಏದುಸಿರು ಬಿಡುತ್ತಾ ಒಬ್ಬೊಬ್ಬರನ್ನೇ ಪರಿಚಯ ಮಾಡಿಸುತ್ತಾನೆ, ಡ್ರಮ್ಸ್‌ನಲ್ಲಿ ನಮ್ಮ ಡಬ್ಬ, ಚಪ್ಪಾಳೆ, ಬೇಸ್ ಗಿಟಾರಿನಲ್ಲಿ ನಮ್ಮ ಗುಂಡ! ಈಗಲೂ ಕೆನ್ನೆ ಬಿಸಿಯಾಗುತ್ತೆ. ಗುಂಡ ಬ್ಯಾಂಡ್ ಬಿಟ್ಟು ಯಾವ ಕಾಲವಾಗಿತ್ತು, ಅವನ ಜಾಗಕ್ಕೆ ಬಂದವನು ಇವನು, ಕಡ್ಡಿ, ಊರೂರು ಒಂದೇ ವ್ಯಾನಿನಲ್ಲಿ ಸುತ್ತಿ ಒಂದೇ ತಟ್ಟೆಯಲ್ಲಿ ತಿಂದರೂ ಆ ಮನುಷ್ಯನ ಬಾಯಿಗೆ ಕಡ್ಡಿ ಅನ್ನೋ ಹೆಸರು ಹತ್ತಲಿಲ್ಲವಲ್ಲ. ಇವನು ತಟ್ಟನೆ ತಿರುಗಿ ನಿಂತ, ಜನಕ್ಕೆ ಬೆನ್ನು ಹಾಕಿ, ಆಂಪ್ಲಿಫೈಯರಿನ ಗುಂಡಿಯನ್ನು ಕೊನೇವರೆಗೂ ತಿರುವಿ, ದಪ್ಪ ತಂತಿಯನ್ನು ಮೀಟಿದ, ಮೀಟುತ್ತಲೇ ಇದ್ದ, ಬಾಯಲ್ಲಿ ಬರದ ಬೈಗುಳ ಬೆರಳಲ್ಲಾದರೂ ಬರಲಿ ಅಂತ, ನೆಲ ನಡುಗಿತು, ಹಲ್ಲು ನಡುಗಿದವು, ಅವನು ನಿಲ್ಲಿಸುವ ಹೊತ್ತಿಗೆ ಡಬ್ಬ ಮುಂದಿನ ಹಾಡಿಗೆ ಕೋಲು ತಟ್ಟುತ್ತಿದ್ದ.

ಆಗ ಬಂದ ರೆಕಾರ್ಡಿನಲ್ಲಿ ಆ ಗುಡುಗನ್ನು ಕತ್ತರಿಸಿ ಹಾಕಿದ್ದರು, ಗುಂಡ ಅಂದದ್ದೇ ಸೀದಾ ಮುಂದಿನ ಹಾಡು. ಅಮ್ಮ ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು ಕೇಳಿಸಿದಳು, ತಡೀರಿ, ನನ್ನ ಮಗನ ಹೆಸರು ಈಗ ಬರುತ್ತೆ, ಬಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಮ್ಮ ಒಂದು ಚೂರೂ ಅಳುಕದೆ, ಅದು ಸ್ಟೇಜಿನ ಹೆಸರು ಕಣ್ರೀ, ದೊಡ್ಡ ಕಲಾವಿದರೆಲ್ಲ ಹಾಗೇ ಇಟ್ಕೊಳ್ಳೋದು, ಈ ಸಣಕಲನಿಗೆ ಗುಂಡನಾ ಅಂತ ಎದುರುಮನೆಯಾಕೆ, ಹುಟ್ಟಿದಾಗ ನೋಡಬೇಕಿತ್ತು ನೀವು! ಸಾಯುವವರೆಗೂ ಬೀದಿಗೆಲ್ಲ ಅವಳು ಗುಂಡನ ಅಮ್ಮ, ಒಂದು ದಿನವೂ ಅವನನ್ನು ಏನೂ ಕೇಳಲಿಲ್ಲ, ರೆಕಾರ್ಡಿನ ಕವರಿನಲ್ಲಿ ಯಜಮಾನ ಕೈ ಚಾಚಿ ನಗುತ್ತಿರುವ ಫೋಟೋ, ಎಲ್ಲರದ್ದೂ ಮುಖ, ಮೂಲೆಯಲ್ಲಿ ಅವನದ್ದು ಮಾತ್ರ ಬೆನ್ನು, ನಾನೇ ಸೋಪು ಹಚ್ಚಿ ತಿಕ್ಕಿದ ಬೆನ್ನು, ನನಗೆ ಗುರುತು ಸಿಗಲ್ವಾ ಅಂದಿದ್ದಳು. ಬ್ಯಾಂಡಂತೂ ಶೋ ಆದ ಮಾರನೇ ಬೆಳಗ್ಗೆಯೇ ಬಿಟ್ಟಾಗಿತ್ತು, ಡಬ್ಬ ಬಸ್ ಸ್ಟ್ಯಾಂಡಿಗೆ ಓಡಿ ಬಂದು, ಅಷ್ಟು ಜನರ ಮುಂದೆ ಅಣ್ಣ ಅಷ್ಟು ಹೇಳಿದ್ದು ಸಾಲದೇನೋ ನಿನಗೆ ಅಂದ, ಸಾಕು ಮಾರಾಯ, ಹೊಟ್ಟೆ ತುಂಬಿಹೋಯ್ತು ಅಂದ ಇವನು, ಡಬ್ಬ ಬಾಯಿ ಬಿಟ್ಟುಕೊಂಡು ನೋಡಿದ, ಕೊಬ್ಬು ಕಣೋ ನಿನಗೆ ಅಂದು ಹೊರಟುಹೋದ. ಯಜಮಾನ ಆಮೇಲೆ ದೇಶ ದೇಶ ಸುತ್ತಿದ, ಹೋದ ವರ್ಷ ತೀರಿಯೂ ಹೋದ, ಅವತ್ತೂ ಟಿವಿ ಆರಿಸಿ ಎದ್ದಿದ್ದ ಇವನು, ಸತ್ತವನ ಮೇಲೂ ಮುನಿಸು — ಆದರೆ ಹೆಡ್‌ಫೋನಿನಲ್ಲಿ ಆ ಗುಡುಗು ಎಲ್ಲಿ, ಈಗ ಬರಬೇಕಿತ್ತಲ್ಲ, ಎಲ್ಲೋ ಅಡಿಯಲ್ಲಿ ಸಣ್ಣಗೆ ಗುರುಗುಟ್ಟುತ್ತಿದೆ ಅವನ ಬೇಸು, ಅದರ ಮೇಲೆ ಯಜಮಾನನ ನಗು, ಅವತ್ತು ಆ ಗುಡುಗಿನಲ್ಲಿ ಇವನ ಕಿವಿಗೆ ಬೀಳದೇ ಹೋದ ಮಾತು, ಅಯ್ಯಯ್ಯೋ, ಗುಂಡ ಅಲ್ಲ, ನನ್ನ ಬಾಯಿಗಿಷ್ಟು, ಇವನು ನಮ್ಮ ಕಡ್ಡಿ, ಇವನೊಬ್ಬ ಇಲ್ಲದಿದ್ರೆ ನನಗೆ ತಾಳವೇ ಸಿಗಲ್ಲ, ನನ್ನ ತಮ್ಮ ಇವನು, ಎಲ್ಲರೂ ಜೋರಾಗಿ ಹೇಳಿ — ಇಡೀ ಹಾಲೇ ಕಡ್ಡಿ, ಕಡ್ಡಿ, ಕಡ್ಡಿ. ಅಷ್ಟು ಹೇಳಿದ್ದು ಅಂದರೆ ಇದಾ ಡಬ್ಬಾ, ಬಿಡಿಸಿ ಹೇಳಬಾರದಿತ್ತಾ ಪಾಪಿ, ಅಮ್ಮಾ, ನಿನಗೆ ಇದನ್ನು ಕೇಳಿಸಬೇಕಿತ್ತು ಕಣೇ, ಎದುರುಮನೆಯಾಕೆಗೂ ಕೇಳಿಸಬೇಕಿತ್ತು, ತಪ್ಪು ಮಾಡಿಬಿಟ್ಟೆ, ಸೊಸೆ ಭುಜ ಮುಟ್ಟಿ ಏನೋ ಕೇಳುತ್ತಿದ್ದಾಳೆ, ತುಟಿ ಮಾತ್ರ ಆಡುತ್ತಿದೆ, ಬಾರೋ ಕಡ್ಡಿ, ಮುಂದೆ ಬಾರೋ, ಯಜಮಾನ ಕರೆಯುತ್ತಿದ್ದಾನೆ, ಕವರಿನ ಫೋಟೋದಲ್ಲಿ ಜನದ ಕಡೆಗೆ ಅಂದುಕೊಂಡಿದ್ದ ಕೈ ಜನದ ಕಡೆಗಲ್ಲ, ತಿರುಗೋ ಕತ್ತೆ, ಒಂದೇ ಒಂದು ಸಲ ತಿರುಗೋ, ಚಾಚಿದ ಕೈಗೂ ಇವನಿಗೂ ನಡುವೆ ಒಂದೇ ಮೊಳ, ಬೆವೆತು ಮೈಗಂಟಿದ ಅಂಗಿ, ಎಣಿಸಬಹುದಾದ ಮೂಳೆಗಳು, ಬಾರೋ ಕಡ್ಡಿ, ಬೆನ್ನು, ಬಾರೋ, ಆ ಬೆನ್ನು