ದೋಣಿಯಲ್ಲಿ ಉಳಿದ ನಾಯಿಗಾಗಿ

ಕಣ್ಣು ಮುಚ್ಚಿದ ಕೂಡಲೇ ಈ ಫ್ಯಾನಿಗೆ ಬಾಯಿ ಬಂದುಬಿಡುತ್ತದೆ, ಟಕ್, ಟಕ್, ಟಕ್, ಕಿಟಕಿಯ ಪಕ್ಕದ್ದು, ಒಂದಿಷ್ಟು ಎಣ್ಣೆ ಬಿಡಬೇಕು, ಪ್ರತಿ ಭಾನುವಾರ ಇದೇ ಹೊತ್ತಿಗೆ ನೆನಪಾಗುತ್ತದೆ, ಆಮೆನ್ ಅಂದ ಮೇಲೆ ಮುಂದಿನ ಭಾನುವಾರದವರೆಗೆ ಮರೆತೇಹೋಗುತ್ತದೆ — ಆಮೆನ್, ಹೌದು, ಆಮೆನ್ ಅನ್ನಬೇಕಾದರೆ ಅದಕ್ಕೆ ಮುಂಚೆ ಏನಾದರೂ ಹೇಳಬೇಕಲ್ಲ, ಪ್ರಾರ್ಥಿಸೋಣ ಅಂದಾಗಿದೆ, ಸಭೆಯ ತಲೆಗಳೆಲ್ಲ ಬಾಗಿವೆ, ಮೈಕು ತುಟಿಗೆ ತಾಗುವಷ್ಟು ಹತ್ತಿರ ಇದೆ, ಯೂತ್ ಪಾಸ್ಟರ್ ಅನ್ನಿಸಿಕೊಂಡು ಇಲ್ಲಿ ನಿಂತ ಮನುಷ್ಯ ಇನ್ನೂ ಬಾಯಿ ತೆರೆದಿಲ್ಲ. ಬೇರೆ ದಿನ ನಿಲ್ಲಿಸುವುದೇ ಕಷ್ಟ, ಮಾತಿಗೆ ಕೂತರೆ ಊಟ ಆರುತ್ತದೆ ಅಂತ ಮನೆಯಲ್ಲಿ ಹೆಸರು, ಇವತ್ತು ನೋಡಿದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡು ಕೂತಿದೆ. ಮುಚ್ಚಿದ ಕಣ್ಣೊಳಗೆ ದೇವರೂ ಇಲ್ಲ, ಸತ್ಯವೇದದ ವಾಕ್ಯವೂ ಇಲ್ಲ, ಒಂದು ದೋಣಿ ಇದೆ, ದೋಣಿಯಲ್ಲಿ ಒಂದು ನಾಯಿ ಇದೆ, ಬೊಗಳುತ್ತಿಲ್ಲ, ಎರಡೂ ಕಿವಿ ನಿಮಿರಿಸಿಕೊಂಡು ದಡವನ್ನೇ ನೋಡುತ್ತಿದೆ.

ತಪ್ಪು ಯಾರದು, ತನ್ನದೇ, ಪ್ರಾರ್ಥನೆಗೆ ವಿಜ್ಞಾಪನೆ ಇದ್ದವರು ಕೈ ಎತ್ತಿ ಅಂದದ್ದು ತಾನೇ, ದೊಡ್ಡವರು ಚಿಕ್ಕವರು ಅನ್ನೋದೇನಿಲ್ಲ, ಯಾರು ಬೇಕಾದರೂ ಎತ್ತಿ ಅಂತ ಉದಾರವಾಗಿ ಬೇರೆ ಅಂದದ್ದು. ಮೊದಲು ಗಿಟಾರ್ ಬಾರಿಸುವವನು, ಎಲ್ಲರೂ ಏಣಿ ಅನ್ನುವ ಉದ್ದನೆಯವನು, ಎತ್ತುವ ಅಗತ್ಯವೇ ಇಲ್ಲದ ಕೈಯನ್ನು ಎತ್ತಿ, ಅಜ್ಜಿ ಮಂಡಿನೋವಿಗೆ ಪಾಸ್ಟರ್ ಅಂದ. ಆಮೇಲೆ ಬೇಕರಿಯಲ್ಲಿ ಕೆಲಸ ಮಾಡುವವಳು, ನಂ ತಮ್ಮಂಗೆ ಒಂದು ಒಳ್ಳೆ ಬುದ್ಧಿಗೋಸ್ಕರ ಅಂದಳು, ಅವಳ ತಮ್ಮ ಪಕ್ಕದಲ್ಲೇ ಕೂತು ಹಲ್ಲು ಕಿರಿದ. ಅದಾದ ಮೇಲೆ ಮುಂದಿನ ಸಾಲಿನಿಂದ ಒಂದು ಚಿಕ್ಕ ಕೈ, ಪೆನ್ಸಿಲ್ ಚೂಪು ಮಾಡಲು ಹೋಗಿ ಕುಯ್ದುಕೊಂಡ ಹೆಬ್ಬೆರಳಿಗೆ ಪಟ್ಟಿ ಸುತ್ತಿದ ಕೈ, ಬೆಳಿಗ್ಗೆ ತಾನೇ ಸುತ್ತಿದ ಪಟ್ಟಿ, ಮಗಳು. ಒಂದು ಗಳಿಗೆ ನಂಬಿಕೆಯೇ ಬರಲಿಲ್ಲ. ಹೇಳಮ್ಮಾ, ಯಾರಿಗೆ? ನಾಯಿಗೆ. ಯಾವ ನಾಯಿಗಮ್ಮಾ? ದೋಣೀಲಿ ಇದೆಯಲ್ಲ, ಆ ನಾಯಿಗೆ. ಅಯ್ಯೋ ಪಾಪ, ಯಾರ ಮನೇದು ಅಂತ ಹಿಂದಿನ ಸಾಲಿನ ದರ್ಜಿಯಮ್ಮ ನಿಜವಾಗಿಯೂ ಗಾಬರಿಯಾಗಿ ಕೇಳಿದರು, ಮಗಳು ಅವರ ಕಡೆ ತಿರುಗಿ ಬಹಳ ಮರ್ಯಾದೆಯಿಂದ, ಮನೇದಲ್ಲ ಆಂಟಿ, ಪುಸ್ತಕದ್ದು ಅಂದಳು. ಸಭೆಗೆ ಸಭೆಯೇ ನಕ್ಕಿತು, ಹಿರಿಯ ಪಾಸ್ಟರ್ ಕೂಡ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು, ಅವಳೊಬ್ಬಳೇ ನಗಲಿಲ್ಲ, ಕೈಯನ್ನೂ ಇಳಿಸಲಿಲ್ಲ, ನಿನ್ನೆ ಹಗ್ಗ ಬಿಚ್ಚಿಹೋಯ್ತಲ್ಲಪ್ಪಾ ಅಂದಳು, ಇವನು ಸರಿ, ನಾಯಿಗೂ ಪ್ರಾರ್ಥಿಸೋಣ ಅಂದುಬಿಟ್ಟ. ಅಂದುಬಿಟ್ಟ! ಈಗ ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ನಿನ್ನೆ ಹಗ್ಗ ಬಿಚ್ಚಿಹೋದದ್ದು ನಿಜ. ತಾನೇ ಓದಿದ್ದು, ದನಿ ಏರಿಸಿ ಇಳಿಸಿ, ಗಾಳಿ ಬೀಸುವಲ್ಲಿ ಬಾಯಲ್ಲೇ ಗಾಳಿ ಬೀಸಿ, ಸತ್ಯವೇದದ ಪ್ರಸಂಗಕ್ಕೆ ಇಷ್ಟು ಶ್ರಮ ಪಟ್ಟಿದ್ರೆ ಯೌವನಸ್ಥರ ಕೂಟದಲ್ಲಿ ಯಾರೂ ಆಕಳಿಸ್ತಿರ್ಲಿಲ್ಲ ಅಂತ ಹೆಂಡತಿ ಚುಚ್ಚಿದಳು. ಒಂದೇ ಮಂಚ, ಮೂರು ಜನ, ನಡುವೆ ಮಗಳು, ಊಟ ಮುಗಿಸಿ ಪಾತ್ರೆ ತೊಳೆದಿಟ್ಟ ಮೇಲೆ ದಿನಕ್ಕೊಂದೇ ಅಧ್ಯಾಯ, ಅಳಲಿ, ಬೇಡಲಿ, ಕಾಲು ಹಿಡಿಯಲಿ, ಒಂದೇ. ಗ್ರಂಥಾಲಯದಿಂದ ತಂದ ಪುಸ್ತಕ, ಯಾವ ಪುಣ್ಯಾತ್ಮ ಹರಿದಿದ್ದನೋ, ರಟ್ಟೂ ಇಲ್ಲ, ಹೆಸರೂ ಇಲ್ಲ, ಹಾಗಾಗಿ ಮನೆಯಲ್ಲಿ ಅದು ನಾಯಿ ಪುಸ್ತಕ. ನದಿ ದಾಟಿಸುವ ಅಂಬಿಗ, ಅವನ ನಾಯಿ, ಅಂಬಿಗ ದಡದಲ್ಲಿ ಚಹಾ ಕುಡಿಯುತ್ತ ಹರಟೆಗೆ ನಿಂತಾಗ ಕಟ್ಟಿದ ಹಗ್ಗ ಸಡಿಲವಾಗಿ, ದೋಣಿ ಸದ್ದಿಲ್ಲದೆ ನಡುನೀರಿಗೆ ಜಾರಿ — ಅಧ್ಯಾಯ ಅಲ್ಲಿಗೇ ಮುಗಿಯಿತು. ಬರೆದವನಿಗೆ ಮಕ್ಕಳಿರಲಿಲ್ಲವೋ ಏನೋ. ಮಗಳು ಅಮ್ಮನ ಕಡೆ ಹೊರಳಿ ಮೆಲ್ಲಗೆ, ಅಮ್ಮಾ, ನಿಂಗೆ ಗೊತ್ತಲ್ವಾ? ಗೊತ್ತೇ ಇರುತ್ತದೆ, ಇವಳು ಯಾವ ಪುಸ್ತಕ ಮನೆಗೆ ಬಂದರೂ ಚೀಲದಿಂದ ತೆಗೆಯುವ ಮೊದಲೇ ಕೊನೆಯ ಪುಟ ಓದುವವಳು, ಮದುವೆಯಾದ ಹೊಸದರಲ್ಲಿ ಅದು ಕಂಡು ಇವನಿಗೆ ಮೈಯೆಲ್ಲ ಉರಿದಿತ್ತು, ಇದ್ಯಾವ ಸೀಮೆ ಓದು, ಕೊನೆ ಗೊತ್ತಾದ ಮೇಲೆ ಓದೋದೇನು ಮಣ್ಣು, ಪಾಸ್ಟರ್ ಹೆಂಡ್ತಿಗೆ ಇಷ್ಟೂ ನಂಬಿಕೆ ಬೇಡ್ವಾ, ಅಂದಿದ್ದಕ್ಕೆ ಅವಳು ಪುಟ ತಿರುವುತ್ತ ತಲೆ ಎತ್ತದೆ ಅಂದಿದ್ದಳು, ಕೊನೆ ಗೊತ್ತಿದ್ರೆ ನಡುವೆ ಧೈರ್ಯವಾಗಿ ಅಳಬಹುದು ರೀ. ಅವತ್ತು ಸೋತವನು ಇವತ್ತಿನವರೆಗೂ ಅದಕ್ಕೆ ಉತ್ತರ ಹುಡುಕುತ್ತಿದ್ದಾನೆ, ಸಿಕ್ಕರೆ ಪ್ರಸಂಗಕ್ಕೂ ಆದೀತು. ನಿನ್ನೆಯೂ ಅವಳು ಮಗಳ ಕೂದಲು ನೇವರಿಸಿ, ಗೊತ್ತು, ಆದ್ರೆ ಹೇಳಲ್ಲ, ಮನೆ ಕಾನೂನು ಅಂದಳು, ದೀಪ ಆರಿಸಿದ ಮೇಲೂ ಇವನು ಪಿಸುಗುಟ್ಟಿದ, ನಂಗಾದ್ರೂ ಹೇಳೇ. ಮಲ್ಕೊಳ್ಳಿ ಸುಮ್ನೆ. ಬದುಕುತ್ತಾ? ಮಲ್ಕೊಳ್ಳಿ ಅಂದೆ. ನಾಯಿ, ನಡುನೀರು, ನಿಮಿರಿದ ಕಿವಿ.

ಆದರೆ ನಾಯಿಯಲ್ಲ ವಿಷಯ, ವಿಷಯ ಆ ಎತ್ತಿದ ಕೈ. ಆ ಕೈ ಪ್ರಾರ್ಥನೆಗೆ ಅಂತ ಮೇಲೆದ್ದು ಎಷ್ಟು ಕಾಲವಾಯಿತು, ಬೆಕ್ಕು ಹೋದಾಗಿನಿಂದ — ಅರ್ಧಕಿವಿ, ಅಡುಗೆಮನೆ ಕಿಟಕಿಯಿಂದ ಹೇಳದೆ ಕೇಳದೆ ಬಂದು ಸೇರಿಕೊಂಡ ಬೀದಿ ಬೆಕ್ಕು, ಯಾವ ಜಗಳದಲ್ಲಿ ಬಿಟ್ಟುಬಂದಿತ್ತೋ, ಎಡಗಿವಿ ಅರ್ಧ ಮಾತ್ರ ಉಳಿದಿತ್ತು, ಒಂದೂವರೆ ಕಿವಿಯಾದರೂ ಹಾಲಿನ ಪಾತ್ರೆಯ ಮುಚ್ಚಳ ತೆಗೆದ ಸದ್ದು ಬೀದಿಯ ಆಚೆಗೂ ಕೇಳಿಸುತ್ತಿತ್ತು. ಅಂಥ ಬೆಕ್ಕು ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಮಗಳು ಕಿಟಕಿ ತೆರೆದಿಟ್ಟು ಮಂಚದ ಪಕ್ಕ ಮಂಡಿಯೂರಿ, ಯೇಸಪ್ಪಾ ಅರ್ಧಕಿವೀನ ಕಳಿಸು, ದಾರಿ ಗೊತ್ತಿಲ್ದಿದ್ರೆ ತೋರ್ಸು, ಕಾಲಿಗೆ ಪೆಟ್ಟಾಗಿದ್ರೆ ಎತ್ಕೊಂಡ್ ಬಾ, ಪ್ರತಿ ಸಂಜೆಯೂ, ಅಷ್ಟು ಚೆಂದದ ಪ್ರಾರ್ಥನೆ ಯಾರಿಗೂ ಕಲಿಸಲು ಬರುವುದಿಲ್ಲ, ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಾನೆ, ಕೇಳಿ ತಾನೂ ಬೀದಿ ಬೀದಿ ಸುತ್ತಿದ್ದಾನೆ, ಪೊದೆಗಳ ಹತ್ತಿರ ಬಗ್ಗಿ ಮಿಯಾಂವ್ ಅಂದಿದ್ದಾನೆ, ಸಭೆಯವರು ಯಾರಾದರೂ ನೋಡಿದ್ದರೆ ಪಾಸ್ಟರಿಗೆ ಏನೋ ಆಗಿದೆ ಅಂತ ಉಪವಾಸ ಪ್ರಾರ್ಥನೆ ಇಡುತ್ತಿದ್ದರು. ಬೆಕ್ಕು ಬರಲೇ ಇಲ್ಲ. ಒಂದು ಸಂಜೆ ಮಗಳು ತಾನೇ ಹೋಗಿ ಕಿಟಕಿ ಹಾಕಿ ಚಿಲಕ ಸರಿಸಿ ಬಂದಳು, ಅಳಲಿಲ್ಲ, ಅತ್ತಿದ್ದರೆ ಎಷ್ಟೋ ವಾಸಿಯಿತ್ತು, ಅಪ್ಪಾ, ಇನ್ಮೇಲೆ ಪ್ರಾರ್ಥನೆ ನೀನೇ ಮಾಡು, ನಿನ್ ಮಾತಾದ್ರೆ ಕೇಳ್ತಾನೆ. ಅಷ್ಟೇ. ಆಮೇಲೆ ಊಟಕ್ಕೆ ಮುಂಚೆ ಇವನು ಕಣ್ಣು ಮುಚ್ಚಿದರೆ ಅವಳು ಕಣ್ಣು ತೆರೆದುಕೊಂಡು ರೊಟ್ಟಿಯನ್ನು ನೋಡುತ್ತ ಕಾಯುತ್ತಾಳೆ, ತಂಟೆಯಿಲ್ಲ, ಹಟವಿಲ್ಲ, ಸಿಟ್ಟೂ ಇಲ್ಲ, ಮುಗಿಯಿತಾ ಅನ್ನುವ ಹಾಗೆ. ಊರ ಮಕ್ಕಳಿಗೆಲ್ಲ ನಂಬಿಕೆ ಹಂಚುವವನ ಮನೆಯಲ್ಲಿ ದೀಪದ ಬುಡದಲ್ಲೇ ಕತ್ತಲೆ. ಒತ್ತಾಯ ಮಾಡಬೇಡಿ, ಕಿಟಕಿ ಹಾಕ್ಕೊಂಡಿದಾಳೆ, ಗೋಡೆ ಕಟ್ಟಿಲ್ವಲ್ಲ ಅಂತ ಹೆಂಡತಿ. ಅವಳ ಮಾತು ಕೇಳಿ ಸುಮ್ಮನಿದ್ದ, ಸುಮ್ಮನಿರುವುದೇನು ಸುಲಭವೇ, ಎದೆಯೊಳಗೆ ಒಂದು ಕಲ್ಲು ಇಟ್ಟುಕೊಂಡು ಗಿಟಾರಿಗೆ ತಾಳ ಹಾಕಿದ ಹಾಗೆ. ಇವತ್ತು ಆ ಕೈ ಎದ್ದಿತು! ಕೈ ಎದ್ದ ಸಂತೋಷಕ್ಕೆ ಇಲ್ಲೇ ಒಂದು ಸಲ ಕುಪ್ಪಳಿಸಬೇಕು ಅನ್ನಿಸುತ್ತಿದೆ, ಪಾಸ್ಟರುಗಳು ಕುಪ್ಪಳಿಸಬಾರದು ಅಂತ ಎಲ್ಲೂ ಬರೆದಿಲ್ಲ — ಸರಿ, ಕುಪ್ಪಳಿಸಿದ ಮೇಲೆ? ನಾಯಿ ಬದುಕಲಿ ಅಂತ ಬೇಡುತ್ತಾನೆ, ಇಡೀ ಸಭೆ ಆಮೆನ್ ಅನ್ನುತ್ತದೆ, ಇವತ್ತು ರಾತ್ರಿ ಮಂಚದ ಮೇಲೆ ಮುಂದಿನ ಅಧ್ಯಾಯ ತೆರೆದರೆ ನಾಯಿ ಮುಳುಗಿರುತ್ತದೆ. ಆಗ? ನಿನ್ ಮಾತೂ ಕೇಳಲ್ವಾ ಅಂತ ಆ ಕಣ್ಣು ತನ್ನ ಕಡೆ ತಿರುಗಿದರೆ? ಇನ್ನೊಂದು ಕಿಟಕಿಗೆ ಚಿಲಕ.

ಅಚ್ಚಾಗಿ ಹೊಲಿದು ಕಪಾಟಿನಲ್ಲಿ ಕೂತಿರುವ ಪುಸ್ತಕಕ್ಕೆ ಪ್ರಾರ್ಥನೆ ಮಾಡಿದರೆ ಅಕ್ಷರಗಳು ಎದ್ದು ಜಾಗ ಬದಲಾಯಿಸುತ್ತವೆಯೇ, ಇದೇ ಪ್ರಶ್ನೆಯನ್ನು ಕೂಟದಲ್ಲಿ ಆ ಹುಡುಗಿ ಕೇಳಿದ್ದಳಲ್ಲ, ಬಾಯಿ ತೆರೆದರೆ ಪ್ರಶ್ನೆಯೇ ಬರುವುದರಿಂದ ಪ್ರಶ್ನೆಪತ್ರಿಕೆ ಅಂತಲೇ ಹೆಸರು ಬಿದ್ದವಳು, ಪಾಸ್ಟರ್, ಪರೀಕ್ಷೆ ಬರೆದಾಯ್ತು, ಪೇಪರ್ ತಿದ್ದಿ ಕಟ್ಟಿಟ್ಟೂ ಆಯ್ತು, ಈಗ ಪಾಸ್ ಮಾಡು ಅಂತ ಬೇಡಿದ್ರೆ ಪ್ರಯೋಜನ ಇದ್ಯಾ? ಇವನು ಗಡ್ಡ ತುರಿಸಿಕೊಂಡು, ದೇವರಿಗೆ ನಿನ್ನೆಯೂ ಒಂದೇ ನಾಳೆಯೂ ಒಂದೇ ಮಗಳೇ ಅಂತ ಏನೋ ಘನವಾದದ್ದು ಹೇಳಿ ಬಚಾವಾಗಿದ್ದ, ಎಲ್ಲರೂ ತಲೆಯಾಡಿಸಿದರು, ಏಣಿಯಂತೂ ಬರೆದುಕೊಂಡ, ಈಗ ಅದೇ ಉತ್ತರ ತನಗೇ ತಿನ್ನಲು ಸಿಕ್ಕಿದೆ, ಬೇಯಿಸಿದವನೇ ಉಣ್ಣಲಿ. ಹಿಂದಿನಿಂದ ಯಾರೋ, ಹೌದು ಕರ್ತನೇ, ಅಂತ ನಿಟ್ಟುಸಿರು ಬಿಡುತ್ತಾರೆ. ಹಿರಿಯ ಪಾಸ್ಟರ್ ಗಂಟಲಲ್ಲೇ ಸ್ತೋತ್ರ ಅನ್ನುತ್ತಾರೆ. ಅಯ್ಯೋ, ಇವರೆಲ್ಲ ಈ ಮೌನವನ್ನು ಭಕ್ತಿ ಅಂದುಕೊಂಡಿದ್ದಾರೆ, ಮಾತು ಬೆಳ್ಳಿ ಮೌನ ಬಂಗಾರ ಅನ್ನುವುದಾದರೆ ಈ ಹೊತ್ತು ಇವನಷ್ಟು ಸಾಹುಕಾರ ಇನ್ನೊಬ್ಬನಿಲ್ಲ. ಒಂದೇ ಉಪಾಯ ಉಳಿದಿದೆ, ಕೊನೆ ಗೊತ್ತಿರುವವಳ ಮುಖ ನೋಡುವುದು. ಒಂದು ಕಣ್ಣನ್ನು ಸ್ವಲ್ಪವೇ, ರೆಪ್ಪೆಯ ಸಂದಿಯಷ್ಟೇ ತೆರೆದ — ಮಕ್ಕಳಿಗೆ ಹಾಗೆ ನೋಡಬೇಡಿ ಅಂತ ಬೈಯುವವನೇ ತೆರೆದ — ಎರಡನೇ ಸಾಲು, ಹೆಂಡತಿ, ಕಣ್ಣು ಮುಚ್ಚಿದ್ದಾಳೆ, ಕೆಳತುಟಿ ಕಚ್ಚಿದ್ದಾಳೆ, ಭುಜ ಸಣ್ಣಗೆ ಅಲುಗುತ್ತಿದೆ, ನಗುವೋ ಅಳುವೋ ದೇವರೇ ಬಲ್ಲ, ಇಷ್ಟು ವರ್ಷ ಸಂಸಾರ ಮಾಡಿದರೂ ಇವಳ ಆ ಎರಡು ಮುಖ ಬೇರೆ ಬೇರೆ ಮಾಡಲು ಇವನಿಗೆ ಬಂದಿಲ್ಲ, ಮದುವೆಯ ದಿನವೂ ಹೀಗೇ ಭುಜ ಅಲುಗಿತ್ತು, ಅಳುತ್ತಿದ್ದಾಳೆ ಅಂತ ಇವನು ಕರವಸ್ತ್ರ ಕೊಟ್ಟ, ಅವಳು ನೋಡಿದರೆ ನಗುತ್ತಿದ್ದದ್ದು ಇವನ ತಲೆಗೂದಲು ಎದ್ದು ನಿಂತಿದ್ದಕ್ಕೆ. ಎಷ್ಟು ಇಷ್ಟ ಇವಳೆಂದರೆ, ಎಷ್ಟೊಂದು ಇಷ್ಟ, ಅದನ್ನು ಹೇಳುವ ಹೊತ್ತಲ್ಲ ಇದು. ಕಣ್ಣು ಹಾಗೇ ಮೊದಲ ಸಾಲಿಗೆ ಜಾರಿತು. ಮಗಳು ಕಣ್ಣು ತೆರೆದುಕೊಂಡೇ ಇದ್ದಾಳೆ, ನೇರ ಇವನನ್ನೇ ನೋಡುತ್ತಿದ್ದಾಳೆ, ಪಟ್ಟಿ ಸುತ್ತಿದ ಕೈ ಇನ್ನೂ ಮೇಲೇ ಇದೆ, ನೋಯುತ್ತಿರಬೇಕು, ಎಡಗೈಯಿಂದ ಮೊಣಕೈಗೆ ಆನಿಕೆ ಕೊಟ್ಟಿದ್ದಾಳೆ. ಕಣ್ಣು ಮತ್ತೆ ಮುಚ್ಚಿ ಕರ್ತನೇ, ಅಂದ ಮೈಕಿನಲ್ಲಿ, ದೊಡ್ಡದಾಗಿ ಕೇಳಿಸಿತು. ಕರ್ತನೇ, ದೋಣಿಯಲ್ಲಿರುವ — ದೋಣಿಯಲ್ಲಿ — ಅಲ್ಲಿಗೆ ನಗು ಅಡ್ಡ ಬಂತೋ ಇನ್ನೊಂದು ಬಂತೋ, ತನ್ನದೇ ಮುಖವೂ ಬೇರೆ ಮಾಡಲು ಬರುತ್ತಿಲ್ಲ, ಟಕ್, ಟಕ್, ಟಕ್.

ಚಪ್ಪಲಿಯ ಸದ್ದು, ಬೆಂಚಿನಿಂದ ಯಾರೋ ಇಳಿದ ಸದ್ದು, ಆಮೇಲೆ ಮೈಕಿಲ್ಲದ ದನಿ, ಇಷ್ಟು ದಿನ ಕಿಟಕಿ ಹಾಕಿಕೊಂಡಿದ್ದ ದನಿ — ಯೇಸಪ್ಪಾ, ನಮ್ಮಪ್ಪಂಗೆ ಮಾತು ಸಿಗ್ತಿಲ್ಲ ಅನ್ಸುತ್ತೆ, ಅದಕ್ಕೆ ನಾನೇ ಹೇಳ್ತೀನಿ. ಇವನು ಮೈಕು ಹಿಡಿದ ಕೈಯನ್ನು ಮೆಲ್ಲಗೆ ಇಳಿಸಿದ. ನಾಯಿ ದೋಣೀಲಿ ಒಂದೇ ಇದೆ. ಅದಕ್ಕೆ ಈಜು ಬರುತ್ತೆ, ಆದ್ರೆ ನೀರು ಜಾಸ್ತಿ ಇದೆ. ಮುಂದೇನಾಗುತ್ತೆ ಅಂತ ನಿಂಗೂ ಗೊತ್ತು, ನಮ್ಮಮ್ಮಂಗೂ ಗೊತ್ತು, ಇಬ್ರೂ ಹೇಳ್ಬೇಡಿ. ಅಲ್ಲೀವರೆಗೂ ನೀನು ಅದರ ಜೊತೆ ಕೂತ್ಕೊಂಡಿರು. ಎಂಜಲು ನುಂಗಿದ್ದು ಕೇಳಿಸಿತು. ಆಮೇಲೆ ನಮ್ ಅರ್ಧಕಿವಿ, ಅದೂ ಎಲ್ಲೋ ಇದೆ. ಎಲ್ಲಿದೆ ಅಂತ ನಂಗೆ ಹೇಳ್ದೆ ಇದ್ರೂ ಪರ್ವಾಗಿಲ್ಲ. ಅದನ್ನೂ ಅದೇ ದೋಣಿಗೆ ಹತ್ತಿಸ್ಬಿಡು. ಎರಡೂ ಜಗಳ ಆಡ್ದೆ ಇರೋ ಹಾಗೆ ನೋಡ್ಕೋ. ಆಮೆನ್. ಆಮೆನ್ ಅಂದಿತು ಸಭೆ, ಏಣಿ ಅಂದ, ಪ್ರಶ್ನೆಪತ್ರಿಕೆ ಒಂದೂ ಪ್ರಶ್ನೆ ಹಾಕದೆ ಅಂದಳು, ದರ್ಜಿಯಮ್ಮ ಮೂಗೊರೆಸಿಕೊಂಡು ಅಂದರು, ಎರಡನೇ ಸಾಲಿನಿಂದ ಎಲ್ಲರಿಗಿಂತ ಗಟ್ಟಿಯಾಗಿ ಅವಳು ಅಂದಳು, ಕೊನೆ ಗೊತ್ತಿದ್ದವಳು, ಧೈರ್ಯವಾಗಿ ಅಳುತ್ತ. ಈಗ ಹಾಡು ಶುರುವಾಗಬೇಕು, ಕೈ ಸನ್ನೆ ಮಾಡಬೇಕು, ಮುಂದಿನ ವಾರದ ಸೂಚನೆಗಳು, ಅಜ್ಜಿಯ ಮಂಡಿಗೆ ಪ್ರಾರ್ಥನೆ ಮರೆತೇಹೋಯಿತು, ಫ್ಯಾನಿಗೆ ಎಣ್ಣೆ, ಎಲ್ಲರೂ ತಲೆ ಎತ್ತಿ ಕಾಯುತ್ತಿದ್ದಾರೆ, ಇವನೊಬ್ಬ ಕಣ್ಣು ಬಿಡಲಾರ, ಬಿಟ್ಟರೆ ಹೋಗಿಬಿಡುತ್ತದೆ — ನಡುನೀರು, ದೋಣಿ, ಎದುರುಬದುರಲ್ಲ, ಒಂದರ ಪಕ್ಕ ಒಂದು, ಮೈಗೆ ಮೈ ತಾಗಿಸಿಕೊಂಡು ಕೂತಿವೆ, ದಡದ ಕಡೆಗೆ ನಿಮಿರಿದ ಮೂರೂವರೆ ಕಿವಿ.